14 ಪುಟದ ಕಾಮಿಕ್ಸ್ ಜೆರಾಕ್ಸ್ ಮಾಡಿಸಿದರೆ ಅಕ್ಷರ ಮುದ್ದೆ, ಪುಟ ಹಿಂದುಮುಂದು

ಗೆರೆಹುಡುಗಿ: ಮೈಸೂರು, ಹತ್ತನೇ ತರಗತಿ. ದಸರಾ ಆನೆಯ ಮಾವುತನ ಮಗಳ ಕತೆ, ಎ4 ಹಾಳೆಯಲ್ಲಿ 14 ಪುಟ ಬಿಡಿಸಿ ಇಂಕ್ ಮಾಡಿದ್ದೀನಿ. ಎ5 ಪುಸ್ತಕವಾಗಿ 20 ಪ್ರತಿ ಬೇಕು. ಒಂದು ತೆಗೆಸಿ ನೋಡಿದರೆ ಒತ್ತಕ್ಷರವೆಲ್ಲ ಮಸಿ, ಅಂಚಿನ ಮಾತು ಅರ್ಧ ಮಾಯ, ಮಡಚಿದರೆ ಪುಟ ಅದಲುಬದಲು. ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ಮಡಿಕೆ: ಒಂದು ಹಾಳೆ ಮಡಚಿದರೆ ನಾಲ್ಕು ಪುಟ. ಹಾಗಾಗಿ 14 ಕೂರಲ್ಲ ಪುಟ್ಟಿ, ಮುಖಪುಟ, ಹಿಂಪುಟ ಸೇರಿಸಿ 16 ಮಾಡು. ಮುಖಪುಟವೇ 1, ಹಿಂಪುಟ 16. ಮೊದಲ ಹಾಳೆಯಲ್ಲಿ ಎಡಕ್ಕೆ 16, ಬಲಕ್ಕೆ 1; ಅದರ ಹಿಂದೆ 2, 15. ಮುಂದಿನದು 14, 3. ಹಿಂದೆ 4, 13. ಜೋಡಿ ಕೂಡಿದರೆ ಯಾವಾಗಲೂ 17 ಬರಬೇಕು. ಮೊದಲು ನಾಲ್ಕು ರಫ್ ಹಾಳೆ ಮಡಚಿ ಅಂಕಿ ಬರೆದು ನೋಡು. ಅಂಗಡಿಯಲ್ಲಿ ಎರಡು ಬದಿ ಪ್ರಿಂಟ್‌ಗೆ 'ಶಾರ್ಟ್ ಎಡ್ಜ್' (ಹಾಳೆಯ ಚಿಕ್ಕ ಅಂಚಿನಲ್ಲಿ ತಿರುವು) ಅಂತ ಹೇಳು, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತೆ. ಸಾಮಾನ್ಯ ಸ್ಟೇಪ್ಲರ್ ನಡುಮಡಿಕೆಗೆ ಎಟುಕಲ್ಲ. ಹಾಳೆಗಳನ್ನು ಥರ್ಮಾಕೋಲ್ ಮೇಲಿಟ್ಟು, ಸ್ಟೇಪ್ಲರ್ ಬಾಯಿ ಪೂರ್ತಿ ತೆರೆದು ಒತ್ತು. ಆಮೇಲೆ ಹಾಳೆ ಎತ್ತಿ ಪಿನ್ನಿನ ಕಾಲನ್ನು ಚಮಚದ ಹಿಂಬದಿಯಿಂದ ಮಡಿಸು.

ಶಾಯಿಡಬ್ಬಿ: ಎ4 ಪುಟ ಎ5ಗೆ ಇಳಿದರೆ 71% ಆಗುತ್ತೆ, 4 ಮಿ.ಮೀ. ಅಕ್ಷರ 3 ಮಿ.ಮೀ.ಗೂ ಕಮ್ಮಿ. 'ರಾಷ್ಟ್ರ', 'ಅಜ್ಜ' ಬರೆದು ನೋಡು: ಒತ್ತಿನೊಳಗಿನ ಬಿಳಿ ಜಾಗ ಮೊದಲು ಮುಚ್ಚಿಹೋಗುತ್ತೆ. ಎ4ನಲ್ಲಿ ಅಕ್ಷರ 6 ಮಿ.ಮೀ., ಸಾಲಿಂದ ಸಾಲಿಗೆ 11 ಮಿ.ಮೀ. ಇಡು. ಇಂಗ್ಲಿಷ್ ಕಾಮಿಕ್ಸ್ ನೋಡಿ ಸಾಲು ಒತ್ತಾಗಿ ಬರೆದರೆ ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸು ಡಿಕ್ಕಿ ಹೊಡೆಯುತ್ತವೆ. ಮಾತು ಮೊದಲು ಬರೆ, ಅದರ ಸುತ್ತ ಬಲೂನ್ (ಮಾತಿನ ಗುಳ್ಳೆ) ಆಮೇಲೆ. ಮೊದಲು ಮಾತಾಡುವವರು ಎಡಕ್ಕಿರಲಿ.

ಜೆರಾಕ್ಸ್ ಯಂತ್ರ ಹಾಳೆಯ ಅಂಚಿನಲ್ಲಿ ಸುಮಾರು 5 ಮಿ.ಮೀ. ಮುದ್ರಿಸಲ್ಲ. ಎ4ನಲ್ಲಿ ಸುತ್ತ 15 ಮಿ.ಮೀ. ಬಿಟ್ಟು ಬರೆ. ಮೊಬೈಲ್ ಫೋಟೊ ಬೇಡ, ಕಾಗದದ ನೆರಳೆಲ್ಲ ಚುಕ್ಕಿಯಾಗುತ್ತೆ. 600 ಡಿಪಿಐ (ಇಂಚಿಗೆ 600 ಚುಕ್ಕಿ), ಕಪ್ಪು-ಬಿಳುಪು ಸ್ಕ್ಯಾನ್ ಮಾಡಿಸು.

ಗೆರೆಹುಡುಗಿ: ಹಾಗಾದರೆ 14 ಪುಟವನ್ನೂ ಮತ್ತೆ ಬಿಡಿಸಬೇಕಾ? ಟೈಪ್ ಮಾಡಿದರೆ ಆಗುತ್ತಾ?

ಶಾಯಿಡಬ್ಬಿ: ಚಿತ್ರ ಮುಟ್ಟಬೇಡ. ಮಾತನ್ನು ಬೇರೆ ಬಿಳಿ ಕಾಗದದಲ್ಲಿ ಬರೆದು, ಬಲೂನಿನ ಆಕಾರಕ್ಕೆ ಕತ್ತರಿಸಿ ಹಳೆಯದರ ಮೇಲೆ ಅಂಟಿಸು. ಗ್ಲೂ ಸ್ಟಿಕ್ ಸಾಕು. ನೀರುಗೋಂದಿಗೆ ಹಾಳೆ ಸುಕ್ಕಾಗುತ್ತೆ. ಟೈಪ್ ಮಾಡುವುದಾದರೆ ಯುನಿಕೋಡ್‌ನಲ್ಲೇ ಮಾಡು. 'ಬಾಲೂ ತಮ್ಮ 2' ಉಚಿತ ಫಾಂಟ್, ದಪ್ಪಗಿದೆ, ಬಲೂನಿಗೆ ಚೆನ್ನಾಗಿ ಒಗ್ಗುತ್ತೆ. ಹಳೆಯ ಫೋಟೊಶಾಪ್ ಆದರೆ, ಭಾರತೀಯ ಲಿಪಿ ಸರಿಯಾಗಿ ಜೋಡಿಸುವ 'ವರ್ಲ್ಡ್-ರೆಡಿ' ಆಯ್ಕೆ ಹಾಕದಿದ್ದರೆ ಒತ್ತು ಕಳಚಿ ಪಕ್ಕಕ್ಕೆ ಕೂರುತ್ತೆ.

ಮಡಿಕೆ: ಇನ್ನೊಂದು ಮಾತು. ಹಿಂಪುಟದಲ್ಲಿ ನಿನ್ನ ಹೆಸರು, ವರ್ಷ ಹಾಕು. ಬಿಡಿಸಿದಾಗಲೇ ಹಕ್ಕು ನಿನ್ನದು, ನೋಂದಣಿ ಕಡ್ಡಾಯವಲ್ಲ. ಶಾಲೆ, ಫೋನ್ ನಂಬರ್ ಮಾತ್ರ ಬೇಡ. 20 ಪ್ರತಿಗೆ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಕೂಡ ಬೇಕಿಲ್ಲ.