ಮೂರು ಕಾಂಪ್ಯಾಕ್ಟ್ ಎಸ್‌ಯುವಿ, ಐದು ಜನರ ಮನೆ: ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ: ಸರ್, ನಮಸ್ಕಾರ. ಕಾರು ತಪಾಸಣೆ ನಿಮ್ಮ ದಿನದ ಕೆಲಸ, ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ಮನೆಗೆ ಒಂದು ಕಾಂಪ್ಯಾಕ್ಟ್ ಎಸ್‌ಯುವಿ ಬೇಕು. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ಅತ್ತೆಗೆ ಮಂಡಿ ನೋವು. ಚಿಕ್ಕವನಿಗೆ ಇನ್ನೂ ಚೈಲ್ಡ್ ಸೀಟ್ ಬೇಕು, ದೊಡ್ಡವಳಿಗೆ ಕಾರು ಹತ್ತಿದರೆ ವಾಂತಿ. ಹುಡುಕಿ ಹುಡುಕಿ ಮೂರು ಗಾಡಿ ಉಳಿದಿವೆ: ಒಂದು 1.0 ಲೀಟರ್ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ ಇರುವುದು), ಡಿಸಿಟಿ ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಇನ್ನೊಂದು 1.5 ಲೀಟರ್ ಟರ್ಬೊ ಇಲ್ಲದ ಪೆಟ್ರೋಲ್, ಸಿವಿಟಿ ಅಂದರೆ ಗೇರಿನ ಹಂತಗಳಿಲ್ಲದ ಆಟೊಮ್ಯಾಟಿಕ್. ಮೂರನೆಯದು ಹೈಬ್ರಿಡ್, ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರ್ ಇರುವುದು. ಮೂರನ್ನೂ ಓಡಿಸಿದೆವು, ಮೂರೂ ಚೆನ್ನಾಗಿವೆ ಅನ್ನಿಸಿತು. ಶೋರೂಮಿನಿಂದ ಹೊರಟು ಒಂದು ಸುತ್ತು ಹಾಕಿ ವಾಪಸ್ ಬಂದರೆ ಏನು ಗೊತ್ತಾಗುತ್ತದೆ ಹೇಳಿ? ನಮ್ಮವರು ಪಿಕಪ್ ನೋಡಿ ಟರ್ಬೊ ಅನ್ನುತ್ತಾರೆ. ನನಗೆ ಡಿಕ್ಕಿ ದೊಡ್ಡದಿರಬೇಕು. ಇನ್ನೊಂದು ಸಲ ಓಡಿಸಲು ಹೋಗುತ್ತಿದ್ದೇವೆ, ಈ ಸಲ ಏನು ನೋಡಬೇಕು?

ಉತ್ತರ: ಮೇಡಂ, ಮೂರೂ ಚೆನ್ನಾಗಿವೆ ಅನ್ನಿಸುವುದು ಸಹಜ. ಹೊಸ ಗಾಡಿ, ಒಳ್ಳೆ ರಸ್ತೆ, ತಣ್ಣನೆ ಎಸಿ, ಪಕ್ಕದಲ್ಲಿ ಮಾತಾಡುತ್ತಾ ಕೂತ ಸೇಲ್ಸ್‌ನವರು. ಅಷ್ಟು ಹೊತ್ತಿನಲ್ಲಿ ಯಾವ ಗಾಡಿಯೂ ತನ್ನ ತೊಂದರೆ ತೋರಿಸುವುದಿಲ್ಲ.

ನಿಮ್ಮ ಮನೆಯಲ್ಲಿ ಐದು ಜನರಲ್ಲಿ ಮೂವರು ಹಿಂದೆ ಕೂರುವವರು. ಆ ಮೂವರಿಗೇ ತೊಂದರೆ ಇರುವುದು, ಮಂಡಿ, ಚೈಲ್ಡ್ ಸೀಟ್, ವಾಂತಿ. ಆದರೆ ತೀರ್ಮಾನ ಆಗುತ್ತಿರುವುದು ಸ್ಟೇರಿಂಗ್ ಹಿಡಿದವರ ಅನುಭವದ ಮೇಲೆ. ಅದಕ್ಕೇ ಈ ಸಲ ಐದು ಜನರೂ ಹೋಗಿ. ಚೈಲ್ಡ್ ಸೀಟನ್ನೂ ತೆಗೆದುಕೊಂಡು ಹೋಗಿ, ಸಂಕೋಚ ಬೇಡ. ಅರ್ಧ ದಾರಿಯಲ್ಲಿ ನೀವು ಹಿಂದೆ ಹೋಗಿ ಕೂತು, ಯಜಮಾನರಿಗೆ ಓಡಿಸಲು ಬಿಡಿ. ಆಮೇಲೆ ಅವರೂ ಹಿಂದೆ ಕೂರಲಿ.

ಮೊದಲು ಅತ್ತೆ. ಗಾಡಿ ನಿಂತಿರುವಾಗಲೇ ಅವರು ಹತ್ತಿ ಇಳಿಯಲಿ, ಎರಡು ಮೂರು ಸಲ, ಎರಡೂ ಬಾಗಿಲಿನಿಂದ. ನೀವು ಅವರ ಕಾಲನ್ನೇ ನೋಡುತ್ತಿರಿ. ಸೀಟು ಅವರ ಸೊಂಟದ ಮಟ್ಟಕ್ಕಿದ್ದರೆ ಸುಮ್ನೆ ಪಕ್ಕಕ್ಕೆ ಕೂತು ಕಾಲು ಒಳಗೆ ತಿರುಗಿಸಿಕೊಳ್ಳುತ್ತಾರೆ. ಸೀಟು ಎತ್ತರ ಆದರೆ ಏರಬೇಕು, ತಗ್ಗಾದರೆ ಏಳುವಾಗ ಮಂಡಿ ಮೇಲೆ ಭಾರ. ಇನ್ನೊಂದು, ಬಾಗಿಲಿನ ಕೆಳಗಿನ ಹೊಸ್ತಿಲು ಎಷ್ಟು ಅಗಲ ಇದೆ ಅಂತ ನೋಡಿ. ಅದು ಅಗಲವಾಗಿದ್ದರೆ ಇಳಿಯುವಾಗ ಕಾಲು ದೂರ ಚಾಚಬೇಕಾಗುತ್ತದೆ, ಮಳೆಯಲ್ಲಿ ಬಟ್ಟೆಗೆಲ್ಲ ಕೆಸರು. ಹಿಡಿದುಕೊಳ್ಳಲು ಮೇಲೆ ಹಿಡಿಕೆ ಇದೆಯಾ, ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಇದನ್ನೂ ನೋಡಿ. ಅತ್ತೆ 'ಪರವಾಗಿಲ್ಲಮ್ಮ' ಅಂದರೆ ಅಷ್ಟಕ್ಕೇ ಬಿಡಬೇಡಿ, ಎಲ್ಲ ಮನೆಗಳಲ್ಲೂ ಹಿರಿಯರು ಹಾಗೇ ಅನ್ನುತ್ತಾರೆ. ಇಳಿಯುವಾಗ ಅವರ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಬಾಗಿಲಿಗೆ ಜೋತುಬಿದ್ದು ಇಳಿದರೆ ಆ ಗಾಡಿ ಅವರಿಗೆ ಕಷ್ಟ.

ಚೈಲ್ಡ್ ಸೀಟ್: ಐಸೋಫಿಕ್ಸ್ (ಚೈಲ್ಡ್ ಸೀಟ್ ಸಿಕ್ಕಿಸುವ ಕೊಂಡಿಗಳು) ಇದೆ ಅಂತ ಎಲ್ಲರೂ ಹೇಳುತ್ತಾರೆ, ನೀವು ಕೂರಿಸಿ ನೋಡಿ. ಕೆಲವು ಗಾಡಿಗಳಲ್ಲಿ ಆ ಕೊಂಡಿಗಳು ಸೀಟಿನ ಸಂದಿಯಲ್ಲಿ ಎಷ್ಟು ಒಳಗೆ ಹೂತಿರುತ್ತವೆ ಅಂದರೆ ಬೆರಳು ತರಚುತ್ತದೆ. ಮೇಲಿನ ಪಟ್ಟಿ ಸಿಕ್ಕಿಸುವ ಜಾಗ ಎಲ್ಲಿದೆ ಅಂತಲೂ ನೋಡಿ. ಮಗು ಹಿಂದಕ್ಕೆ ಮುಖ ಮಾಡಿ ಕೂರುವ ಸೀಟಾದರೆ ಅದು ಮುಂದಿನ ಸೀಟನ್ನು ಮುಂದಕ್ಕೆ ತಳ್ಳುತ್ತದೆ, ಆಗ ಮುಂದೆ ಕೂತವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದಾ ಅಂತ ಪರೀಕ್ಷೆ ಮಾಡಬೇಕು. ಚೈಲ್ಡ್ ಸೀಟ್ ಹಾಕಿದ ಮೇಲೆ ಅತ್ತೆ ಮತ್ತು ಮಗಳು ಇಬ್ಬರೂ ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳಲು ಆಗಬೇಕು. ಬಕಲ್ ಚೈಲ್ಡ್ ಸೀಟಿನ ಅಡಿಗೆ ಸಿಕ್ಕಿಕೊಂಡರೆ ದಿನಾ ಜಗಳ. ಮಧ್ಯದವರಿಗೂ ಮೂರು ಪಾಯಿಂಟ್ ಬೆಲ್ಟ್, ತಲೆಗೆ ಆಸರೆ ಇರಲೇಬೇಕು. ಇದರಲ್ಲಿ ರಾಜಿ ಬೇಡ.

ಮಗಳ ವಾಂತಿ ವಿಷಯ. ಹಂಪ್ ದಾಟಿದ ಮೇಲೆ ಗಾಡಿಯ ಕುಲುಕು ಒಂದೇ ಸಲಕ್ಕೆ ನಿಲ್ಲುತ್ತದಾ, ಇಲ್ಲಾ ಮೇಲೆ ಕೆಳಗೆ ಇನ್ನೆರಡು ಸಲ ತೂಗುತ್ತದಾ ನೋಡಿ. ಮೆತ್ತಗಿದೆ ಅಂತ ಮೊದಲಿಗೆ ಖುಷಿ ಕೊಡುವ ಸಸ್ಪೆನ್ಷನ್ ಮಕ್ಕಳ ಹೊಟ್ಟೆ ತೊಳಸುವುದು ಇದಕ್ಕೇ. ಹಿಂದಿನ ಕಿಟಕಿ ಅವಳ ಕಣ್ಣಿನ ಮಟ್ಟಕ್ಕೆ ಬರಬೇಕು. ಈಗಿನ ಎಷ್ಟೋ ಎಸ್‌ಯುವಿಗಳಲ್ಲಿ ಕಿಟಕಿ ಗೆರೆ ಹಿಂದಕ್ಕೆ ಹೋಗುತ್ತಾ ಮೇಲೇರುತ್ತದೆ, ದೊಡ್ಡವರಿಗೆ ನೋಡಲು ಚೆಂದ, ಒಳಗೆ ಕೂತ ಮಗುವಿಗೆ ಹೊರಗೆ ಏನೂ ಕಾಣುವುದಿಲ್ಲ.

ಇನ್ನು ಸೇಲ್ಸ್‌ನವರು ಹೇಳದೇ ಇರುವ ಒಂದು ವಿಷಯ, ಟೈರಿನ ಗಾಳಿ. ಹೊರಡುವ ಮುಂಚೆ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಸಾಮಾನ್ಯವಾಗಿ ಒಂದು ಸ್ಟಿಕರ್ ಇರುತ್ತದೆ, ಗಾಳಿ ಎಷ್ಟು ಇರಬೇಕು ಅಂತ. ಅಷ್ಟೇ ಇದೆಯಾ ಅಂತ ನೋಡಿಸಿ. ಒಂದರಲ್ಲಿ ಜಾಸ್ತಿ ಗಾಳಿ, ಇನ್ನೊಂದರಲ್ಲಿ ಕಡಿಮೆ ಇದ್ದರೆ ನೀವು ಹೋಲಿಸುತ್ತಿರುವುದು ಗಾಡಿಗಳನ್ನಲ್ಲ, ಗಾಳಿಯನ್ನು. ಟೈರಿನ ಅಳತೆಯನ್ನೂ ಬರೆದುಕೊಳ್ಳಿ. 215/60 ಆರ್17 ಅಂದರೆ ಅಗಲ 215 ಮಿಲಿಮೀಟರ್, ಪಕ್ಕದ ರಬ್ಬರ್‌ನ ಎತ್ತರ ಅದರ ಶೇಕಡಾ 60, ಅಂದರೆ 129 ಮಿಲಿಮೀಟರ್, ಒಳಗಿನ ರಿಮ್ 17 ಇಂಚು. ಅದೇ ಗಾಡಿಯ ಕೆಳಗಿನ ವೇರಿಯಂಟ್‌ನಲ್ಲಿ 215/65 ಆರ್16 ಇದ್ದರೆ ರಬ್ಬರ್ ಸುಮಾರು 140. ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ, ಆದರೆ ಗುಂಡಿಯ ಹೊಡೆತ ತಡೆಯಲು ಸುಮಾರು 11 ಮಿಲಿಮೀಟರ್ ರಬ್ಬರ್ ಜಾಸ್ತಿ. ಹಿಂದೆ ಕೂತವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಟೆಸ್ಟ್ ಡ್ರೈವ್‌ಗೆ ಕೊಡುವುದು ಸಾಮಾನ್ಯವಾಗಿ ಟಾಪ್ ಮಾಡೆಲ್, ನೀವು ಕೊಳ್ಳುವುದು ಮಧ್ಯದ್ದಾದರೆ ಚಕ್ರ ಬೇರೆ, ಸೀಟು ಬೇರೆ, ಕೆಲವು ಸಲ ಹಿಂದಿನ ಎಸಿ ವೆಂಟ್ ಕೂಡ ಇರುವುದಿಲ್ಲ. ನಿಮ್ಮ ವೇರಿಯಂಟನ್ನೇ ಕೇಳಿ. ಅದು ಇಲ್ಲ ಅಂದರೆ ಏನೇನು ಬದಲಾಗುತ್ತದೆ ಅಂತ ಬರೆಸಿಕೊಳ್ಳಿ.

ಪ್ರಶ್ನೆ: ಅಯ್ಯೋ, ಗಾಳಿ ವಿಷಯ ತಲೆಗೇ ಬಂದಿರಲಿಲ್ಲ ಸರ್. ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ಹೇಳಿ, ನಮ್ಮವರು ಪಕ್ಕದಲ್ಲೇ ಕೂತು ಓದುತ್ತಿದ್ದಾರೆ.

ಉತ್ತರ: ಯಜಮಾನರಿಗೆ ಹೇಳಿ, ಟರ್ಬೊ ಪಿಕಪ್ ನಿಜ, ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಐದು ಜನ ಕೂತು, ಎಸಿ ಹಾಕಿ, ಒಂದು ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಬೇಕು. ಸಣ್ಣ ಟರ್ಬೊ ಎಂಜಿನ್‌ಗೆ ಕೆಳಗಿನ ಆರ್‌ಪಿಎಂನಲ್ಲಿ, ಅಂದರೆ ನಿಧಾನಕ್ಕೆ ತಿರುಗುವಾಗ, ಶಕ್ತಿ ಕಡಿಮೆ, ಟರ್ಬೊ ತಿರುಗಲು ಶುರುವಾದ ಮೇಲೆ ಒಮ್ಮೆಲೇ ಬರುತ್ತದೆ. ಒಬ್ಬರೇ ಓಡಿಸುವಾಗ ಇದು ಗಮನಕ್ಕೆ ಬರುವುದಿಲ್ಲ, ತುಂಬಿದ ಗಾಡಿಯಲ್ಲಿ ಬರುತ್ತದೆ. ಡಿಸಿಟಿ ಆದ್ದರಿಂದ ಟ್ರಾಫಿಕ್‌ನಲ್ಲಿ ಇರುವೆಯ ಹಾಗೆ ಹರಿದು ನೋಡಿ, ಬ್ರೇಕ್ ಸ್ವಲ್ಪ ಬಿಟ್ಟು ಮತ್ತೆ ಒತ್ತಿ. ಅಲ್ಲಿ ಜಗ್ಗುತ್ತದಾ? ಡ್ರೈ ಕ್ಲಚ್ ಇರುವ ಡಿಸಿಟಿ ಆದರೆ ಹೀಗೆ ತುಂಬಾ ಹೊತ್ತು ತೆವಳಿದಾಗ ಕ್ಲಚ್ ಬಿಸಿಯಾಗುತ್ತದೆ. ಡ್ರೈ ಕ್ಲಚ್ಚಾ, ಆಯಿಲ್‌ನಲ್ಲಿ ಮುಳುಗಿದ್ದಾ ಅಂತ ಕೇಳಿ ತಿಳಿದುಕೊಳ್ಳಿ.

ಸಿವಿಟಿ ಪಟ್ಟಣದೊಳಗೆ ಬೆಣ್ಣೆ. ಓವರ್‌ಟೇಕ್ ಮಾಡಲು ಜೋರಾಗಿ ಒತ್ತಿದರೆ ಮಾತ್ರ ಎಂಜಿನ್ ಮೊದಲು ಕೂಗುತ್ತದೆ, ವೇಗ ಆಮೇಲೆ ನಿಧಾನಕ್ಕೆ ಏರುತ್ತದೆ. ಕೆಲವರಿಗೆ ಅದು ಸಹಿಸಲಾಗದು, ಕೆಲವರಿಗೆ ಲೆಕ್ಕಕ್ಕೇ ಇಲ್ಲ. ಮೆಲ್ಲಗೆ ಓಡಿಸುವ ಮನೆಗೆ, ವಾಂತಿ ಮಾಡುವ ಮಗಳಿಗೆ, ನನ್ನ ಪ್ರಕಾರ ಇದು ಒಳ್ಳೆಯದು, ಗೇರ್ ಬದಲಾದ ಜಗ್ಗೇ ಇರುವುದಿಲ್ಲ.

ಹೈಬ್ರಿಡ್‌ನಲ್ಲಿ ಬ್ರೇಕ್ ನೋಡಿ. ಮೊದಲ ಒತ್ತಿಗೆ ಮೋಟರ್ ಚಾರ್ಜ್ ಮಾಡುತ್ತಾ ವೇಗ ಇಳಿಸುತ್ತದೆ, ಆಮೇಲೆ ನಿಜವಾದ ಬ್ರೇಕ್ ಬರುತ್ತದೆ, ಕೆಲವು ಗಾಡಿಗಳಲ್ಲಿ ಈ ಎರಡರ ನಡುವೆ ಒಂದು ಹೆಜ್ಜೆ ಇದ್ದ ಹಾಗೆ ಅನ್ನಿಸುತ್ತದೆ. ಡಿಕ್ಕಿ ನಿಮಗೆ ಮುಖ್ಯ ಅಂದಿರಲ್ವಾ, ಬ್ಯಾಟರಿ ಎಷ್ಟು ಜಾಗ ತಿಂದಿದೆ ಅಂತ ತೆರೆದು ನೋಡಿ. ಲೀಟರ್ ಲೆಕ್ಕ ನಂಬಬೇಡಿ, ನಿಮ್ಮ ದೊಡ್ಡ ಸೂಟ್‌ಕೇಸ್ ಮತ್ತು ಮಡಚಿದ ಸ್ಟ್ರೋಲರ್ ಹಾಕಿ ಬಾಗಿಲು ಮುಚ್ಚಿ ನೋಡಿ.

ಇನ್ನೊಬ್ಬ ಸದಸ್ಯರು: ಸರ್, ಶೋರೂಮಿನವರು ಅಷ್ಟು ಹೊತ್ತು ಕೊಡುವುದಿಲ್ಲ. ಹತ್ತು ನಿಮಿಷ ಆಗುವಷ್ಟರಲ್ಲಿ ವಾಪಸ್ ತಿರುಗಿಸಿ ಅನ್ನುತ್ತಾರೆ.

ಉತ್ತರ: ಮೊದಲೇ ಫೋನ್ ಮಾಡಿ ಹೇಳಿ, ಮನೆಯವರೆಲ್ಲ ಬರುತ್ತಿದ್ದೇವೆ, ಮುಕ್ಕಾಲು ಗಂಟೆ ಬೇಕು ಅಂತ. ಗಿರಾಕಿ ಕಡಿಮೆ ಇರುವ ವಾರದ ದಿನ ಹೋಗಿ. ಆಗಲೂ ಕೊಡದಿದ್ದರೆ ಅದೇ ಗಾಡಿ ಬಾಡಿಗೆಗೆ ಸಿಗುತ್ತದಾ ನೋಡಿ, ಒಂದು ದಿನ ಇಟ್ಟುಕೊಂಡರೆ ರಾತ್ರಿ ಹೆಡ್‌ಲೈಟ್ ಹೇಗಿದೆ, ನಿಮ್ಮ ಪಾರ್ಕಿಂಗ್‌ಗೆ ರಿವರ್ಸ್ ಹೋಗುತ್ತದಾ, ಎಲ್ಲ ಗೊತ್ತಾಗುತ್ತದೆ. ಮೂರೂ ಗಾಡಿಯನ್ನು ಒಂದೇ ದಾರಿಯಲ್ಲಿ ಓಡಿಸುವುದು ಮಾತ್ರ ತಪ್ಪಿಸಬೇಡಿ. ಒಂದು ಕೆಟ್ಟ ರಸ್ತೆ, ಒಂದು ಏರು, ಸ್ವಲ್ಪ 80 ಕಿಲೋಮೀಟರ್ ವೇಗದ ರಸ್ತೆ, ಇಷ್ಟು ಸಾಕು. ಮ್ಯೂಸಿಕ್ ಆಫ್ ಮಾಡಿಸಿ, ಟೈರ್ ಸದ್ದು ಕೇಳಿಸಬೇಕು. ಪ್ರತಿ ಗಾಡಿಯಿಂದ ಇಳಿದ ಕೂಡಲೇ ಅನ್ನಿಸಿದ್ದನ್ನು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ಮೂರನೆಯದು ಓಡಿಸುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಅದಕ್ಕೇ ಕೊನೆಗೆ ಮೊದಲನೆಯದನ್ನೇ ಮತ್ತೆ ಐದು ನಿಮಿಷ ಓಡಿಸಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ, ಕ್ರ್ಯಾಶ್ ಟೆಸ್ಟ್‌ನಲ್ಲಿ ಸ್ಟಾರ್ ರೇಟಿಂಗ್ ಜಾಸ್ತಿ ಇರುವುದನ್ನು ತೆಗೆದುಕೊಂಡರೆ ಆಯಿತಲ್ವಾ?

ಉತ್ತರ: ಸ್ಟಾರ್ ನೋಡಲೇಬೇಕು, ಅದು ಪಟ್ಟಿ ಮಾಡುವಾಗಲೇ ಆಗಬೇಕಾದ ಕೆಲಸ. ಆದರೆ ಯಾವ ವರ್ಷದ ಪರೀಕ್ಷೆ ಅಂತಲೂ ನೋಡಿ. ನಿಯಮಗಳು ಬಿಗಿಯಾಗುತ್ತಾ ಬಂದಿವೆ, ಹಳೆಯ 5 ಸ್ಟಾರ್ ಮತ್ತು ಹೊಸ 5 ಸ್ಟಾರ್ ಒಂದೇ ಅಲ್ಲ. ಯುರೋಪಿನಲ್ಲಿ ಕಾರುಗಳ ಕ್ರ್ಯಾಶ್ ಟೆಸ್ಟ್ ಮಾಡುವ ಯೂರೋ ಎನ್‌ಕ್ಯಾಪ್ ತನ್ನ ರೇಟಿಂಗ್‌ಗೆ 6 ವರ್ಷದ ಮಿತಿ ಇಟ್ಟಿರುವುದು ಅದಕ್ಕೇ. ಮಕ್ಕಳ ಸುರಕ್ಷತೆಗೆ ಬೇರೆ ಅಂಕ ಇರುತ್ತದೆ, ನಿಮ್ಮಂಥ ಮನೆಗೆ ಅದನ್ನು ಬಿಡಿಸಿ ಓದುವುದು ಒಳ್ಳೆಯದು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಸನ್‌ರೂಫ್ ಬೇಕು ಅಂತ ಮಕ್ಕಳ ಹಟ. ಬುಕ್ ಮಾಡಿದ ಮೇಲೆ ಡೆಲಿವರಿ ದಿನ ಏನಾದರೂ ನೋಡಬೇಕಾ?

ಉತ್ತರ: ಸನ್‌ರೂಫ್ ದೊಡ್ಡದಾದಷ್ಟು ಹಿಂದೆ ತಲೆಗೆ ಜಾಗ ಕಡಿಮೆಯಾಗುತ್ತದೆ. ಮನೆಯಲ್ಲಿ ಎತ್ತರ ಇರುವವರು ಹಿಂದೆ ನೇರವಾಗಿ ಕೂತು ನೋಡಲಿ, ಕೂದಲು ತಾಗದಿದ್ದರೆ ತೆಗೆದುಕೊಳ್ಳಿ. ಡೆಲಿವರಿಗೆ ಮುಂಚೆ, ಹಣ ಪೂರ್ತಿ ಕಟ್ಟುವ ಮೊದಲೇ ಹಗಲು ಬೆಳಕಿನಲ್ಲಿ ಗಾಡಿ ನೋಡಿ. ಚಾಸಿ ನಂಬರ್ ಕಾಗದದ ಜೊತೆ ತಾಳೆ ಹಾಕಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2324 ಅಂದರೆ 2024ನೇ ವರ್ಷದ 23ನೇ ವಾರ ತಯಾರಾದದ್ದು. ನಾಲ್ಕೂ ಟೈರ್, ಸ್ಟೆಪ್ನಿ ಇದ್ದರೆ ಅದೂ, ಹತ್ತಿರ ಹತ್ತಿರದ ತಾರೀಖಿನದ್ದಾಗಿರಬೇಕು. ಒಂದು ಮಾತ್ರ ತುಂಬಾ ಬೇರೆ ಇದ್ದರೆ ಯಾಕೆ ಅಂತ ಕೇಳಿ, ಉತ್ತರ ಬರುವ ತನಕ ಸಹಿ ಹಾಕಬೇಡಿ.