ಲುಬುಂಟು 22.04ರ ಸಪೋರ್ಟ್ ಮುಗಿದದ್ದು ಹೌದಾ? ಅಪ್ಡೇಟ್ ಬರ್ತಾ ಉಂಟಲ್ಲ

ಪ್ರಶ್ನೆ (ಬದಿಯಡ್ಕದಿಂದ): ಸರ್, ನಮ್ಮೂರ ವಾಚನಾಲಯದಲ್ಲಿ ನಾಲ್ಕು ಹಳೇ ಕಂಪ್ಯೂಟರ್ ಉಂಟು, ಮೂರಕ್ಕೆ ವಿಂಡೋಸ್ ಬದಲಿಗೆ ಲುಬುಂಟು 22.04 (ಉಬುಂಟು ಲಿನಕ್ಸಿನ ಹಗುರ ರೂಪ) ಹಾಕಿದ್ದೇವೆ, ಪಿಎಸ್‌ಸಿಗೆ ಅರ್ಜಿ ಹಾಕುವ ಮಕ್ಕಳೆಲ್ಲ ಅದನ್ನೇ ನಂಬಿದ್ದು. ಮೊನ್ನೆ ಒಬ್ರು ಬಂದು ಇದರ ಸಪೋರ್ಟ್ ಮುಗಿದಾಯ್ತು ಅಂದ್ರು. ಉಬುಂಟು ಎಲ್‌ಟಿಎಸ್, ಅಂದ್ರೆ ಹೆಚ್ಚು ಕಾಲ ಸಪೋರ್ಟ್ ಸಿಗುವ ವರ್ಷನ್, ಐದು ವರ್ಷ ಅಲ್ವಾ, 2027ರವರೆಗೆ ಇರ್ಬೇಕಲ್ಲ? ಅಪ್ಡೇಟ್ ಕೂಡ ಬರ್ತಾ ಉಂಟು.

ಉತ್ತರ: ಅವರು ಹೇಳಿದ್ದೇ ಸರಿ. ಐದು ವರ್ಷ ಉಬುಂಟುವಿಗೆ, ಲುಬುಂಟು ಎಲ್‌ಟಿಎಸ್‌ಗೆ ಮೂರೇ ವರ್ಷ. 22.04 ಅಂದ್ರೆ 2022ರ ನಾಲ್ಕನೇ ತಿಂಗಳು, ನಂಬರಿನಲ್ಲೇ ಹುಟ್ಟಿದ ತಾರೀಕು ಉಂಟು, ಅಲ್ಲಿಂದ ಮೂರು ಲೆಕ್ಕ ಹಾಕಿ, 2025 ಏಪ್ರಿಲ್‌ಗೆ ಮುಗೀತು. ಸಮಸಂಖ್ಯೆಯ ವರ್ಷದ ಏಪ್ರಿಲ್‌ದು ಮಾತ್ರ ಎಲ್‌ಟಿಎಸ್, ಉಳಿದವಕ್ಕೆ ಒಂಬತ್ತೇ ತಿಂಗಳು, ಅದನ್ನು ವಾಚನಾಲಯಕ್ಕೆ ಹಾಕ್ಲೇಬೇಡಿ.

ಅಪ್ಡೇಟ್ ಬರ್ತಾ ಉಂಟಲ್ಲ ಅಂತ ಎಲ್ರೂ ಮೋಸ ಹೋಗುವುದು ಇಲ್ಲೇ. ಬರುವುದು ಕರ್ನಲ್ಲು (ಸಿಸ್ಟಮಿನ ತಿರುಳು), ಓಪನ್ ಎಸ್‌ಎಸ್‌ಎಲ್ (ಇಂಟರ್ನೆಟ್ ಮಾತುಕತೆಗೆ ಬೀಗ ಹಾಕುವುದು) ತರದ್ದು, ಅದೆಲ್ಲ ಉಬುಂಟುವಿನ ಬುಡದ್ದು, ಫೈರ್‌ಫಾಕ್ಸ್ ಬ್ರೌಸರ್ ಸ್ನ್ಯಾಪ್ ಅನ್ನುವ ಬೇರೆ ಪ್ಯಾಕೇಜಿನಲ್ಲಿ ಅದರಷ್ಟಕ್ಕೆ ಬರ್ತದೆ. ಆದ್ರೆ ನಿಮ್ಮ ಮಕ್ಕಳು ದಿನಾ ಮುಟ್ಟುವ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪು, ಫೈಲ್ ಮ್ಯಾನೇಜರು, ಅದನ್ನು ನೋಡಿಕೊಳ್ಳುವುದು ಲುಬುಂಟು ತಂಡ, ಅವರು ಆ ವರ್ಷನ್ ಕೈಬಿಟ್ಟಾಯ್ತು.

24.04ಕ್ಕೆ ಹೋಗಿ, 2027 ಏಪ್ರಿಲ್‌ವರೆಗೆ ಉಂಟು. ಮೊದಲು ಫೈಲೆಲ್ಲ ಪೆನ್‌ಡ್ರೈವಿಗೆ ತೆಗೆದಿಡಿ, ಒಂದೇ ಕಂಪ್ಯೂಟರಿಗೆ ಮಾಡಿ ಒಂದು ವಾರ ನೋಡಿ, ಆಮೇಲೆ ಉಳಿದದ್ದು. ಯುಪಿಎಸ್ ಇಲ್ಲದೆ ಕೈ ಹಾಕ್ಬೇಡಿ ಮಾರಾಯ್ರೆ, ಮಳೆಗಾಲದಲ್ಲಿ ಅಪ್‌ಗ್ರೇಡ್ ಅರ್ಧ ಆಗಿರುವಾಗ ಕರೆಂಟ್ ಹೋಗಿ ನನ್ನದೊಂದು ಲ್ಯಾಪ್‌ಟಾಪ್ ಬೂಟೇ ಆಗ್ಲಿಲ್ಲ, ಇಡೀ ರಾತ್ರಿ ಕೂತು ಹೊಸದಾಗಿ ಹಾಕಿದ್ದು.

ಮತ್ತೊಂದು, ಗ್ಯಾಸ್ ಸಿಲಿಂಡರಿನ ಕುತ್ತಿಗೆಯಲ್ಲಿ ಟೆಸ್ಟಿನ ಗಡು ಬಿ-27 ಅಂತ ಬರೆದಿರ್ತಾರಲ್ಲ, ಏಪ್ರಿಲ್‌ನಿಂದ ಜೂನ್ ಅಂತ ಅರ್ಥ, ಹಾಗೇ ಸಪೋರ್ಟ್ ಮುಗಿಯುವ ಗಡುವನ್ನು ಸಿಪಿಯು ಡಬ್ಬದ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ನಾಳೆ ನೀವಿಲ್ಲದಿದ್ರೂ ಬಂದವರಿಗೆ ಗೊತ್ತಾಗ್ತದೆ.

ಪ್ರಶ್ನೆ: ನಾಲ್ಕನೆಯದ್ದು 32 ಬಿಟ್ (ಹಳೇ ತರದ ಪ್ರೊಸೆಸರ್) ಸರ್, ಅದರಲ್ಲಿ ಇನ್ನೂ 18.04 ಉಂಟು.

ಉತ್ತರ: ಲುಬುಂಟುವಿನಲ್ಲಿ 32 ಬಿಟ್‌ಗೆ ಬಂದ ಕೊನೇ ಎಲ್‌ಟಿಎಸ್ ಅದೇ, 2021 ಏಪ್ರಿಲ್‌ಗೆ ಮುಗಿದದ್ದು. ಅದಕ್ಕೆ ಡೆಬಿಯನ್ 12 (ಇನ್ನೊಂದು ಲಿನಕ್ಸ್) ಹಾಕಿ, ಎಲ್‌ಟಿಎಸ್ 2028 ಜೂನ್‌ವರೆಗೆ. 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ತೆಗೆದಿದ್ದಾರೆ, ಹಾಗಾಗಿ 12ರಲ್ಲೇ ನಿಲ್ಲಿಸಿ. ಅದರ ಡಬ್ಬದಲ್ಲಿ ಬಿ-28 ಬರೀರಿ.