ಅಪ್‌ಡೇಟ್: ಅಪ್ಪನ ಬಿಡದ ಕೆಮ್ಮು, ಕಫ

ಅಪ್ಪನಿಗೆ ಬೆಳಗಾದರೆ ಕೆಮ್ಮು, ಕಫ, ಮೆಟ್ಟಿಲು ಹತ್ತಿದರೆ ಏದುಸಿರು, ಏನು ಮಾಡೋದು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

‘ಮೊದಲು ಸ್ಪೈರೊಮೆಟ್ರಿ ಮಾಡಿಸಿ’ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಶ್ವಾಸಕೋಶ ಹೇಗೆ ಕೆಲಸ ಮಾಡ್ತಿದೆ ಅಂತ ಅಳೆಯುವ ಪರೀಕ್ಷೆ ಅದು. ಕೊಳವೆಯೊಳಗೆ ಉಸಿರು ಪೂರ್ತಿ ಖಾಲಿಯಾಗುವವರೆಗೂ ಜೋರಾಗಿ ಊದಿಸುತ್ತಾರೆ, ಅಷ್ಟೇ. ಕ್ರಾನಿಕ್ ಬ್ರಾಂಕೈಟಿಸ್ (ಶ್ವಾಸನಾಳದ ದೀರ್ಘಕಾಲದ ಉರಿಯೂತ) ಜೊತೆಗೆ ಶ್ವಾಸನಾಳವೂ ಕಿರಿದಾಗಿದೆ, ಅಂದರೆ ಸಿಒಪಿಡಿ ಅನ್ನೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಅಂದರು ಡಾಕ್ಟರ್. ಬೇರೆ ಕಾರಣವಿಲ್ಲದೆ ವರ್ಷಕ್ಕೆ 3 ತಿಂಗಳಾದರೂ ಕಫದ ಕೆಮ್ಮು, ಅದೂ ಸತತ 2 ವರ್ಷ ಇದ್ದರೆ ಕ್ರಾನಿಕ್ ಅಂತ ಲೆಕ್ಕವಂತೆ.

ಕೆಮ್ಮಿನ ಸಿರಪ್‌ನಿಂದ ಏನೂ ಆಗಲಿಲ್ಲ. ಹಬೆ ತಗೊಂಡರೆ ಸ್ವಲ್ಪ ಹೊತ್ತು ಹಾಯೆನಿಸುತ್ತೆ, ಅಷ್ಟೇ. ಆ್ಯಂಟಿಬಯೋಟಿಕ್ ಸುಮ್ನೆ ಬೇಡ, ಕಫ ಜಾಸ್ತಿಯಾಗಿ ಬಣ್ಣ ತಿರುಗಿ ಉಸಿರಾಟ ಕಷ್ಟವಾದರೆ ತಕ್ಷಣ ಬನ್ನಿ ಅಂದಿದ್ದಾರೆ.

ನಿಜವಾಗಿ ಕೆಲಸ ಮಾಡಿದ್ದು ಇನ್‌ಹೇಲರ್‌ಗೆ ಸ್ಪೇಸರ್ (ಇನ್‌ಹೇಲರ್‌ಗೂ ಬಾಯಿಗೂ ನಡುವೆ ಇಡುವ ಟೊಳ್ಳು ಕೊಳವೆ) ಹಾಕಿದ್ದು. ಮೊದಲು ಅರ್ಧ ಔಷಧಿ ಗಂಟಲಿಗೇ ಹೊಡೆಯುತ್ತಿತ್ತು. ಈಗ ನಿಧಾನಕ್ಕೆ ಎಳೆದು, ಹತ್ತು ಎಣಿಸುವಷ್ಟು ಉಸಿರು ಹಿಡಿಯುತ್ತಾರೆ.

ನನಗೆ ಆಶ್ಚರ್ಯವಾಗಿದ್ದು ‘ಹಫಿಂಗ್’. ಕನ್ನಡಿಗೆ ಹಬೆ ಊದುವ ಹಾಗೆ ಬಾಯಿ ತೆರೆದು ‘ಹಾ’ ಅಂತ ಉಸಿರು ತಳ್ಳೋದು. ಎರಡು ಮೂರು ಸಲ ಮಾಡಿದರೆ ಕಫ ಮೇಲೆ ಬರುತ್ತೆ, ಎದೆ ನೋಯುವಂತೆ ಕೆಮ್ಮಬೇಕಿಲ್ಲ. ಅಪ್ಪ ಮೊದಲು ನಕ್ಕರು, ಈಗ ಅವರೇ ನನಗೆ ಹೇಳಿಕೊಡ್ತಾರೆ!

ಸಿಗರೇಟು ಇನ್ನೂ ಪೂರ್ತಿ ಬಿಟ್ಟಿಲ್ಲ. ನಿಕೋಟಿನ್ ಗಮ್ ಶುರುವಾಗಿದೆ. ಫ್ಲೂ ಲಸಿಕೆಯೂ ಆಯಿತು. ಹಾಂ, ಇನ್‌ಹೇಲರ್‌ನಲ್ಲಿ ಸ್ಟಿರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಫಂಗಸ್ ಆಗಬಹುದು.